ಕರಟದ ಕೆಂಡ

“ಕುಡಿಯಲಾ ಬೋಳಿಮಗನೆ, ವಿಷ ಏನ್ ಕೊಟ್ಟಿಲ್ಲ ನಿಂಗೆ.”

ಮಂಜುನಾಥ ನನ್ನ ಕಿವಿಯ ಹತ್ತಿರ ಬಾಯಿ ತಂದು ಹೀಗೆ ಬೈಯುವಾಗಲೂ ಅವನ ಮುಖದ ಮೇಲೆ ನಗುವಿತ್ತು. ಎದುರಿಗೆ ಪರಿಸರ ಇಲಾಖೆಯ ಸಾಹೇಬರು ನಿಂತಿದ್ದರಲ್ಲ. ಮಂಜುನಾಥ ನಮ್ಮ ಬಣ್ಣದ ಕಾರ್ಖಾನೆಯ ಸೂಪರ್‌ವೈಸರ್. ಸಾಹೇಬರ ಪಕ್ಕದಲ್ಲಿ ಮಾಲೀಕ ಶರತ್ಚಂದ್ರ, ಹಣೆ ತುಂಬ ವಿಭೂತಿ, ಕೈಯಲ್ಲಿ ಮೊಬೈಲು. ನನ್ನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಲೋಟ, ಅದರೊಳಗೆ ಮೂರನೇ ತೊಟ್ಟಿಯಿಂದ ಆಗಷ್ಟೇ ಹಿಡಿದ ನೀರು. ಮೊದಲನೇ ತೊಟ್ಟಿಗೆ ಬೀಳುವಾಗ ಇದೇ ನೀರು ಕೋಳಿ ಕೊಯ್ದು ತೊಳೆದ ಬಚ್ಚಲಿನಂತೆ ಕೆಂಪಗಿತ್ತು. ಈಗ ಲೋಟದ ತಳ ಕಾಣುವಷ್ಟು ತಿಳಿಯಾಗಿತ್ತು.

“ಕುಮಾರ, ಸಾಹೇಬ್ರು ಕಾಯ್ತಾ ಇದಾರಪ್ಪ,” ಎಂದ ಶರತ್ಚಂದ್ರ, ಬಹಳ ಮೆತ್ತಗೆ. ಅವನ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅವತ್ತೇ ಮೊದಲು. ಅಲ್ಲಿಯವರೆಗೆ ನಾನು ‘ಏಯ್’ ಆಗಿದ್ದೆ.

ಕುಡಿದೆ. ನಾರು ನೆನೆಹಾಕಿದ ಹೊಂಡದ ವಾಸನೆ ಗಂಟಲಿಗೆ ಹತ್ತಿತು. ಶರತ್ಚಂದ್ರ ವಿಡಿಯೊ ಮಾಡಿಕೊಂಡ, ಮಂಜುನಾಥ ಚಪ್ಪಾಳೆ ತಟ್ಟಿದ. ಸಾಹೇಬರು ‘ವೆರಿ ಗುಡ್’ ಎಂದು ಹೇಳಿ, ಡ್ರೈವರನ್ನು ಕೂಗಿ ಕಾರಿನಿಂದ ಬಾಟಲಿ ನೀರು ತರಿಸಿಕೊಂಡು ಕುಡಿದರು. ಪಾಪ, ಬಿಸಿಲು ಜೋರಿತ್ತು.

ಹಳೇಬೀಡಿನ ಗುಡಿಯ ಮುಂದೆ ಪ್ರವಾಸಿಗರಿಗೆ ಮಾರುತ್ತಾರಲ್ಲ ಬಣ್ಣಬಣ್ಣದ ಶಾಲು, ಟವೆಲು, ಅವುಗಳ ನೂಲಿಗೆ ಬಣ್ಣ ಹಾಕುವುದು ಮಾದಿಹಳ್ಳಿ ದಾರಿಯ ಈ ಶೆಡ್ಡಿನಲ್ಲಿ. ನೂಲು ಕುದಿಸಿ ಉಳಿದ ನೀರು ಮೊದಲು ನೇರವಾಗಿ ಹಳ್ಳಕ್ಕೆ ಹೋಗುತ್ತಿತ್ತು. ಹಳ್ಳದ ಮಗ್ಗುಲಿಗೇ ನಮ್ಮ ಕೇರಿಯ ಬಾವಿ. ಬಾವಿಯ ನೀರು ಕೆಂಪಾದಾಗ ನಾವು ಪಂಚಾಯ್ತಿಗೆ ಹೋದೆವು. ಅದು ಮಣ್ಣಿನ ಬಣ್ಣ, ಮಳೆ ಬಂದರೆ ಹೋಗುತ್ತದೆ ಎಂದರು. ಮಳೆ ಬಂದು ಹೋಯಿತು, ಬಣ್ಣ ಹೋಗಲಿಲ್ಲ. ಆಮೇಲೆ ಅದೇ ಬಣ್ಣ ಕೆಳಗಿನ ತೆಂಗಿನ ತೋಟದವರ ಬೋರ್‌ವೆಲ್ಲಿಗೆ ಇಳಿಯಿತು. ಎಳನೀರು ಕೊಳ್ಳಲು ಬಂದ ವ್ಯಾಪಾರಿ ಮೂಸಿ ನೋಡಿ ಗಾಡಿ ತಿರುಗಿಸಿಕೊಂಡು ಹೋದ ದಿನವೇ ಹಾಸನದವರೆಗೆ ಫೋನುಗಳು ಓಡಾಡಿದವು. ಆಗ ಸಾಹೇಬರಿಗೆ ನಮ್ಮ ಊರಿನ ದಾರಿ ಸಿಕ್ಕಿತು.

ಹೀಗೆ ಬಂದವು ಈ ಮೂರು ತೊಟ್ಟಿಗಳು. ಮೊದಲನೆಯದರಲ್ಲಿ ತೆಂಗಿನ ನಾರಿನ ಪುಡಿ, ಎರಡನೆಯದರಲ್ಲಿ ಮರಳು, ಮೂರನೆಯದರಲ್ಲಿ ಕರಟ ಸುಟ್ಟು ಮಾಡಿದ ಇದ್ದಿಲು. ಬಣ್ಣದ ನೀರು ಒಂದೊಂದೇ ತೊಟ್ಟಿ ಇಳಿದು ಬರುವಷ್ಟರಲ್ಲಿ ಬಣ್ಣವನ್ನೆಲ್ಲ ನಾರು, ಇದ್ದಿಲು ಹೀರಿಕೊಂಡಿರುತ್ತವೆ. “ಬೇರೆ ಕಡೆ ಫಾರಿನ್ ಮಿಷನ್ನು ಹಾಕ್ತಾರೆ ಸಾರ್, ನಮ್ಮ ಅರಸೀಕೆರೆ ತೆಂಗಿನ ಮಂಡಿ ಕಸವೇ ನಮಗೆ ಮಿಷನ್ನು,” ಎಂದು ಶರತ್ಚಂದ್ರ ಬಂದವರಿಗೆಲ್ಲ ಹೇಳುತ್ತಿದ್ದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ತೊಟ್ಟಿಗಳು ನಿಜವಾಗಿಯೂ ಕೆಲಸ ಮಾಡುತ್ತಿದ್ದವು.

ಹೊರಡುವಾಗ ಸಾಹೇಬರು ಕಾರಿನ ಬಾಗಿಲು ಹಿಡಿದುಕೊಂಡೇ ಕೇಳಿದರು. “ಬಳಸಿದ ಇದ್ದಿಲು ಏನ್ಮಾಡ್ತೀರಿ?”

“ಅದಕ್ಕೆ ವ್ಯವಸ್ಥೆ ಆಗಿದೆ ಸಾರ್.”

“ಹಾಂ, ಆಗಿರಬೇಕು ಮತ್ತೆ.”

ಕಾರಿನ ಡಿಕ್ಕಿಗೆ ಎಳನೀರಿನ ಗೊನೆ ಇಟ್ಟವನು ನಾನೇ. ವ್ಯವಸ್ಥೆ ಏನು ಎಂದು ಸಾಹೇಬರು ಕೇಳಲಿಲ್ಲ. ಕೇಳಿದ್ದರೂ ಶರತ್ಚಂದ್ರ ನಮ್ಮ ಕಡೆ ಕೈ ತೋರಿಸಬೇಕಾಗಿತ್ತು. ವ್ಯವಸ್ಥೆ ಎಂದರೆ ನಾವು.

ಬಣ್ಣ ಕುಡಿದು ಕುಡಿದು ಇದ್ದಿಲಿಗೆ ಸಾಕಾದಾಗ ತೊಟ್ಟಿಯ ಬಾಯಿಂದ ಮತ್ತೆ ತೆಳುಗೆಂಪು ನೀರು ಬರಲು ಶುರುವಾಗುತ್ತದೆ. ಆಗ ನಾನೂ ಜೊತೆಗಾರ ದೇವರಾಜನೂ ಒಳಗಿಳಿದು ಸಲಿಕೆಯಲ್ಲಿ ಹಳೆಯದನ್ನು ಎತ್ತಿ ಹೊರಗೆ ಹಾಕಿ, ಹೊಸದನ್ನು ತುಂಬಬೇಕು. ಬೂಟು ಕೊಡಿ ಎಂದು ಕೇಳಿದ್ದಕ್ಕೆ ಮಂಜುನಾಥ, “ನಿಮ್ಮಪ್ಪ ಬೂಟ್ ಹಾಕ್ಕಂಡಿದ್ನೇನ್ಲಾ?” ಎಂದಿದ್ದ. ಮೊಣಕಾಲಿನ ತನಕ ಬಣ್ಣ ಹತ್ತಿ ಸೋಪಿಗೂ ಸೀಮೆಎಣ್ಣೆಗೂ ಹೋಗುತ್ತಿರಲಿಲ್ಲ.

“ನೋಡ್ಲಾ ಕುಮಾರ, ನನ್ ಕಾಲು ಮದ್ವೆ ಹೆಣ್ಣಿನ್ ಕಾಲಾಗೈತೆ. ಯಾವನಾದ್ರೂ ನೋಡಕ್ ಬಂದ್ರೆ ಒಪ್ಕಂಡ್ಬಿಡು,” ಎಂದು ದೇವರಾಜ ತೊಟ್ಟಿಯೊಳಗೇ ಕುಣಿದು ತೋರಿಸುತ್ತಿದ್ದ. ನಗದೆ ಇರಲು ಆಗುತ್ತಿರಲಿಲ್ಲ.

ಎತ್ತಿ ಹಾಕಿದ್ದು ಶೆಡ್ಡಿನ ಹಿಂದೆ ಗುಡ್ಡೆಯಾಗುತ್ತಾ ಹೋಯಿತು. ಒಂದು ದಿನ ಮಂಜುನಾಥ ಬಂದು ಗುಡ್ಡೆಯ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತ.

“ಒಣಗಿಸ್ಕಂಡು ಮನೆಗ್ ಹೊತ್ಕಂಡೋಗ್ರಲಾ. ಪುಕ್ಕಟೆ ಕೊಡಿ ಅಂದವ್ರೆ ಯಜಮಾನ್ರು. ಕೇರಿ ನನ್ಮಕ್ಳೂ ದಿನಾ ಬಿಸ್ನೀರ್ ಕಾಣ್ಲಿ.”

“ಬಣ್ಣ ಐತಲ್ಲಣ್ಣ ಇದ್ರಾಗೆ,” ಎಂದ ದೇವರಾಜ.

“ಒಲೆಗ್ ಹಾಕದ್ ಕಣಲೇ, ಸಾರಿಗಲ್ಲ. ಬೆಂಕಿಗ್ ಬಿದ್ಮೇಲೆ ಬಣ್ಣ ಎಲ್ಲೈತೆ? ಸುಟ್ಟೋಯ್ತದೆ.”

ನಮಗೂ ಅದು ಸರಿ ಎನ್ನಿಸಿತು. ಬೆಂಕಿ ಎಲ್ಲವನ್ನೂ ಶುದ್ಧ ಮಾಡುತ್ತದೆ ಎಂದು ಕೇಳಿಕೊಂಡೇ ಬೆಳೆದವರು ನಾವು. ಅಲ್ಲದೆ ತೆಂಗಿನದ್ದು ಎಂದರೆ ನಮ್ಮ ಕಡೆ ಯಾರೂ ಏನನ್ನೂ ಬಿಸಾಡುವುದಿಲ್ಲ. ಗರಿ ಪೊರಕೆಗೆ, ಮಟ್ಟೆ ಹಂಡೆಯ ಒಲೆಗೆ, ಕರಟ ಕೆಂಡಕ್ಕೆ. ಮರ ತೋಟದವರದು, ಉದುರಿದ್ದು ನಮ್ಮದು. ಅದಕ್ಕೂ ತೋಟದವರ ಮನೆ ಬಾಗಿಲಿಗೆ ಹೋಗಿ ಹಲ್ಲು ಗಿಂಜಬೇಕು. ಇಲ್ಲಿ ಗುಡ್ಡೆಗಟ್ಟಲೆ ತಾವಾಗಿಯೇ ಕೊಡುತ್ತಿದ್ದಾರೆ. ಕೇರಿಯ ಹೆಂಗಸರು ಚೀಲ, ಮಂಕರಿ, ಹಳೆಯ ಸೀರೆ ಹಿಡಿದು ಸಾಲು ಸಾಲಾಗಿ ಬಂದರು. ಶರತ್ಚಂದ್ರ ಅದಕ್ಕೂ ವಿಡಿಯೊ ಮಾಡಿಸಿದ.

ನಮ್ಮವ್ವ ಮಾದಮ್ಮ ಚೀಲಕ್ಕೆ ಕೈ ಹಾಕಿದವಳೇ ನಾರಿನ ಪುಡಿಯನ್ನು ಬದಿಗೆ ಸರಿಸಿ, ಕರಟದ ಇದ್ದಿಲನ್ನು ಮಾತ್ರ ಒಂದೊಂದೇ ಆರಿಸಿ ಬೇರೆ ಮಡಕೆಯಲ್ಲಿ ಹಾಕಿಟ್ಟಳು.

“ಇದು ಒಲೆಗಲ್ಲ ಕಣ್ಲಾ. ಕೂಸಿಗೆ,” ಎಂದಳು.

ನನ್ನ ತಂಗಿ ಮೇಘಶ್ರೀ ಹೆರಿಗೆಗೆ ಮನೆಗೆ ಬಂದಿದ್ದಳು. ಅವಳ ಗಂಡ ಬಿಕ್ಕೋಡಿನ ಹತ್ತಿರ ಕಾಫಿ ತೋಟದಲ್ಲಿ ಕೂಲಿ. ಹೆಣ್ಣು ಕೂಸು, ಹಾಲು ಕುಡಿದು ಮಲಗಿದರೆ ಮನೆಯಲ್ಲಿ ಕೂಸಿದೆಯೆಂದೇ ಗೊತ್ತಾಗದಂಥ ಸಾಧು. ದಿನಾ ಬೆಳಗ್ಗೆ ಅವ್ವ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದಳು. ನೀರು ಹಾಕಿದ ಮೇಲೆ ಹೊಗೆ ಕೊಡಬೇಕು. ಓಡಿನಲ್ಲಿ ಕೆಂಡ ಹಾಕಿ, ಮೇಲೆ ಸಾಂಬ್ರಾಣಿ, ಬೆಳ್ಳುಳ್ಳಿ ಸಿಪ್ಪೆ, ಒಂದು ಚಿಟಿಕೆ ಓಮ ಉದುರಿಸಿ, ಅದರ ಮೇಲೆ ಕೂಸನ್ನು ಮುಂಗೈಯಲ್ಲಿ ಹಿಡಿದು ತಲೆ, ಬೆನ್ನು, ಕಂಕುಳು ಕಾಯಿಸುವುದು. ಬಾಣಂತಿ ಕೋಣೆಗೆ ಗಾಳಿಯಾಡಬಾರದೆಂದು ಕಿಟಕಿಗೆ ಚೀಲ ತುರುಕಿರುತ್ತಾರೆ, ಬಾಗಿಲು ಎಳೆದಿರುತ್ತಾರೆ. ಸೌದೆಯ ಕೆಂಡ ಇದಕ್ಕೆ ಆಗಿಬರುವುದಿಲ್ಲ, ಕಿಡಿ ಹಾರುತ್ತದೆ, ಕಣ್ಣುರಿಯುತ್ತದೆ. ಕರಟದ ಕೆಂಡವೇ ಬೇಕು. ಅದು ತಣ್ಣಗೆ, ನಿಧಾನಕ್ಕೆ, ಬೂದಿ ಹಾರದಂತೆ ಉರಿಯುತ್ತದೆ. ಕೇರಿಯಲ್ಲಿ ಎಷ್ಟೋ ಕೂಸುಗಳನ್ನು ಕಾಯಿಸಿದ ಕೈ ನಮ್ಮವ್ವನದು.

ಮೊದಲನೇ ದಿನ ಅವಳೇ ನನ್ನನ್ನು ಕೂಗಿದಳು. “ಬಾರ್ಲಾ ಇಲ್ಲಿ, ಕೆಂಡ ನೋಡು.”

ಬಾಗಿಲ ಸಂದಿಯಿಂದ ಇಣುಕಿದೆ. ಕೆಂಡದ ಅಂಚಿನಲ್ಲಿ ಹಸಿರು, ನೀಲಿ ಉರಿ ಸಣ್ಣಗೆ ಆಡುತ್ತಿತ್ತು.

“ನವಿಲ್ ಬಣ್ಣ,” ಎಂದಳು ಅವ್ವ. ಅವಳಿಗೆ ಖುಷಿಯಾಗಿತ್ತು. ನನಗೂ ಚೆಂದ ಕಂಡಿತು. ಕೂಸು ಒಂದು ಸಲ ಸೀನಿತು, ಇಬ್ಬರೂ ನಕ್ಕೆವು.

ಕೆಲವು ದಿನ ಕಳೆದ ಮೇಲೆ ಕೂಸು ಹಾಲು ಬಿಟ್ಟಿತು. ಎದೆಗೆ ಹಾಕಿದರೆ ಬಾಯಿ ತೆರೆದು ಹಾಗೇ ನಿದ್ದೆ ಹೋಗುತ್ತಿತ್ತು. ಉಗುರು ಬೂದಿಬಣ್ಣಕ್ಕೆ ತಿರುಗಿದ್ದನ್ನು ಮೊದಲು ನೋಡಿದವಳು ಮೇಘಶ್ರೀ.

“ಅವ್ವಾ, ತುಟಿನೂ ನೀಲಿ ಆಗಿದೆ. ಆಸ್ಪತ್ರೆಗೆ ಹೋಗಣ.”

“ದಿಷ್ಟಿ ಕಣಮ್ಮಿ. ಆ ದಿನ ನೋಡಕ್ ಬಂದಿದ್ಳಲ್ಲ, ಅವಳ್ ಕಣ್ಣೇ ಸರಿಯಿಲ್ಲ. ತಡಿ, ಹೊಗೆ ಹಾಕ್ತೀನಿ.”

ದೃಷ್ಟಿಗೆ ಹೊಗೆ ಕೊಟ್ಟಳು. ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ಕೆಂಡಕ್ಕೆ ಹಾಕಿದಳು. ಮೆಣಸಿನಕಾಯಿ ಘಾಟು ಬರಲಿಲ್ಲ, ನೋಡು ಎಷ್ಟು ದೃಷ್ಟಿಯಾಗಿದೆ ಎಂದಳು. ಸಂಜೆಗೆ ಇನ್ನೊಂದು ಸಲ ಕೊಟ್ಟಳು. ಮಾರನೇ ದಿನ ನೀರು ಹಾಕಿ ಮತ್ತೆ ಕೊಟ್ಟಳು. ಆ ಹೊಗೆಯೊಳಗೆ ಕೂಸಿನ ಕತ್ತು ಅವಳ ಕೈಯಲ್ಲಿ ಒಂದು ಕಡೆಗೆ ವಾಲಿಬಿತ್ತು. ಅವ್ವ ಕಿರುಚಿದ ಸದ್ದಿಗೆ ನಾನು ಬಾಗಿಲನ್ನು ಒದ್ದುಕೊಂಡು ಒಳಗೆ ಹೋದೆ.

ಹಳೇಬೀಡಿನ ಆಸ್ಪತ್ರೆಯಲ್ಲಿ ಮೂಗಿಗೆ ಗಾಳಿ ಹಾಕಿ ಹಾಸನಕ್ಕೆ ಕಳಿಸಿದರು. ಹಾಸನದಲ್ಲಿ ಒಬ್ಬರು ವಯಸ್ಸಿನ ಡಾಕ್ಟರು ಕೂಸಿನ ರಕ್ತ ತೆಗೆದು ಸಿರಿಂಜನ್ನು ಬೆಳಕಿಗೆ ಹಿಡಿದರು. ರಕ್ತ ಕೆಂಪಗಿರಲಿಲ್ಲ. ಕಾಫಿ ಡಿಕಾಕ್ಷನ್ನಿನ ಬಣ್ಣ. ಅವರು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, ಕೊನೆಗೆ ನನ್ನ ಕಾಲು ನೋಡಿದರು.

“ಏನು ಕೆಲಸ ಮಾಡ್ತೀಯಪ್ಪ? ಮನೇಲಿ ಏನಾದ್ರೂ ಸುಟ್ರಾ?”

ಹೇಳಿದೆ. ಅವರು ತಲೆ ಹಿಡಿದುಕೊಂಡರು.

“ಬಣ್ಣ ಎಲ್ಲೂ ಹೋಗಲ್ಲ ಕಣಪ್ಪ. ನೀರಿಂದ ಇದ್ದಿಲಿಗೆ ಬಂತು, ಇದ್ದಿಲಿಂದ ಹೊಗೆಗೆ ಬಂತು, ಹೊಗೆಯಿಂದ ಮಗು ರಕ್ತಕ್ಕೆ ಹೋಗಿದೆ. ಒಂದು ಇಂಜೆಕ್ಷನ್ ಕೊಟ್ಟಿದೀವಿ. ತುಟಿ ಸ್ವಲ್ಪ ಕೆಂಪಾಗುತ್ತೆ, ಮತ್ತೆ ನೀಲಿಗೆ ತಿರುಗುತ್ತೆ. ಒಳಗೆ ಇನ್ನೇನು ಸೇರಿದೆ ಅಂತ ಗೊತ್ತಾಗದೆ ಮುಂದಿನ ಮದ್ದು ಕೊಡೋಕೆ ನನಗೆ ಧೈರ್ಯ ಇಲ್ಲ. ಯಾವ ಬಣ್ಣ, ಅದರ ಹೆಸರು ಬೇಕು. ಡ್ರಮ್ಮಿನ ಮೇಲೆ ಬರೆದಿರುತ್ತೆ. ಬೇಗ ತಿಳ್ಕೊಂಡು ಫೋನ್ ಮಾಡು.”

ಮೇಘಶ್ರೀಯನ್ನೂ ಸುದ್ದಿ ಕೇಳಿ ತೋಟದಿಂದ ಓಡಿಬಂದಿದ್ದ ಅವಳ ಗಂಡನನ್ನೂ ಅಲ್ಲೇ ಬಿಟ್ಟು ಹೊರಟೆ. ಅವ್ವ ಹಿಂದೆಯೇ ಬಂದು ಬಸ್ಸು ಹತ್ತಿದಳು. ಬೇಡವೆಂದರೂ ಕೇಳಲಿಲ್ಲ. ದಾರಿಯುದ್ದಕ್ಕೂ ಅವಳು ತನ್ನ ಎರಡೂ ಅಂಗೈಗಳನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು ನೋಡುತ್ತಿದ್ದಳು. ಹಳೇಬೀಡು ಹತ್ತಿರ ಬಂದಾಗ ಒಂದೇ ಮಾತು ಆಡಿದಳು.

“ನನ್ ಕೈಯಾರೆ ಹಿಡ್ದೆ ಕಣ್ಲಾ ಕುಮಾರ.”

ಬಸ್ಸು ನಿಲ್ಲುವ ಮೊದಲೇ ನಾನು ಎದ್ದು ಬಾಗಿಲಿಗೆ ಹೋಗಿ ನಿಂತೆ.

ಅವ್ವನ ಜೊತೆ ಕಾರ್ಖಾನೆಗೆ ಹೋದವನೇ ಬಣ್ಣದ ಕೋಣೆಗೆ ನುಗ್ಗಿದೆ. ಡ್ರಮ್ಮುಗಳು ಗೋಡೆಯುದ್ದಕ್ಕೂ ನಿಂತಿದ್ದವು. ಒಂದರ ಮೇಲೂ ಚೀಟಿ ಇರಲಿಲ್ಲ. ಚೀಟಿ ಇದ್ದ ಜಾಗದಲ್ಲಿ ಅಂಟು ಕೆರೆದ ಗುರುತು, ಅದರ ಪಕ್ಕ ಸೀಮೆಸುಣ್ಣದ ಕಡ್ಡಿಯಲ್ಲಿ ‘ಕೆಂಪು’, ‘ನೀಲಿ’, ‘ಹಸಿರು’ ಎಂದು ಮಂಜುನಾಥನ ಸೊಟ್ಟ ಅಕ್ಷರ. ಬಚ್ಚಿಟ್ಟಿದ್ದಾರೆ ಎಂದುಕೊಂಡೆ. ಕಳ್ಳ ಸೂಳೆಮಕ್ಕಳು ಮೊದಲೇ ಬಚ್ಚಿಟ್ಟಿದ್ದಾರೆ.

ಆಫೀಸಿನಲ್ಲಿ ಎ.ಸಿ. ಓಡುತ್ತಿತ್ತು. ಒಳಗಡೆ ಕಂಬಿ ಹಾಕಿದ ಗಾಜಿನ ಕಿಟಕಿಗಳನ್ನು ಗೋಡೆಗೇ ಕೂರಿಸಿದ್ದರು, ತೆಗೆಯಲು ಬರುವಂಥವಲ್ಲ. ಶರತ್ಚಂದ್ರನ ಎದುರಿಗೆ ಅದೇ ಪರಿಸರದ ಸಾಹೇಬರು ಕೂತು ಕೋಡುಬಳೆ ಮುರಿಯುತ್ತಿದ್ದರು. ಮಂಜುನಾಥ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದ. ನಾನು ಚಪ್ಪಲಿ ಬಿಟ್ಟು ಹೊಸ್ತಿಲಾಚೆಗೇ ನಿಂತೆ. ಆ ಹೊಸ್ತಿಲನ್ನು ನಮ್ಮವರು ಯಾರೂ ದಾಟಿರಲಿಲ್ಲ. ದಾಟಬೇಡಿ ಎಂದು ಯಾರೂ ಬಾಯಿಬಿಟ್ಟು ಹೇಳಿರಲೂ ಇಲ್ಲ.

“ಯಜಮಾನ್ರೆ, ನನ್ ತಂಗಿ ಕೂಸು ಹಾಸನದಾಗೆ ಸಾಯಂಗಾಗೈತೆ. ಬಣ್ಣದ ಹೆಸ್ರು ಬೇಕಂತೆ ಡಾಕ್ಟ್ರಿಗೆ. ಹೇಳ್ಬುಡಿ, ನಿಮ್ ಕಾಲಿಗ್ ಬೀಳ್ತೀನಿ.”

ಶರತ್ಚಂದ್ರ ಸಾಹೇಬರ ಮುಖ ನೋಡಿದ. ಸಾಹೇಬರು ಕೋಡುಬಳೆ ನೋಡಿದರು.

“ಯಾವ ಬಣ್ಣನೋ?” ಎಂದ ಶರತ್ಚಂದ್ರ.

“ನೀವು ಕೊಟ್ ಇದ್ದಿಲು. ಅದ್ರಾಗಿರೋ ಬಣ್ಣ.”

“ಕೊಟ್ಟಿದ್ದು ತೆಂಗಿನ ಕರಟ ಕಣೋ. ನಿಮ್ ತಾತಂದಿರ ಕಾಲದಿಂದ ಸುಡ್ತಿಲ್ವ ನೀವು? ಬೀಡಿ ಕಟ್ಟಿನಷ್ಟು ಮನೆ, ಅದ್ರೊಳಗೆ ಕಿಟಕಿ ಮುಚ್ಕೊಂಡು ಎಳೇ ಕೂಸಿಗೆ ಹೊಗೆ ಹಾಕ್ತೀರ. ಸಾಯದೆ ಇನ್ನೇನಾಗ್ತದೆ? ಮಾಡೋದೆಲ್ಲ ಮಾಡಿ ಈಗ ನನ್ ಹೆಸರು ಹೇಳಕ್ ಬಂದ್ಯಾ?”

“ಹೆಸ್ರು ಹೇಳಿ ಸಾಕು. ನಾನು ಯಾರ್ ಮುಂದೆನೂ ಏನೂ ಅನ್ನಕಿಲ್ಲ.”

“ಅದರಲ್ಲಿ ಹಾನಿಕರ ಅಂಥದ್ದೇನೂ ಇಲ್ಲಪ್ಪ,” ಎಂದರು ಸಾಹೇಬರು, ಬಾಯಿ ಒರೆಸಿಕೊಂಡು. “ನೀರಿನ ರಿಪೋರ್ಟು ಚೆನ್ನಾಗಿ ಬಂದಿದೆ. ನೀನೇ ಕುಡಿದೆಯಲ್ಲ, ಏನಾಯ್ತು ನಿನಗೆ?”

“ನಾನ್ ನೀರ್ ಕುಡ್ದೆ ಸಾ. ಕೂಸು ಹೊಗೆ ಕುಡೀತು.”

“ಏಯ್, ಸಾಹೇಬ್ರಿಗೆ ಎದುರ್ ಮಾತಾಡ್ತೀಯ, ನಿನ್ನೌನ್!” ಎಂದು ಮಂಜುನಾಥ ಫ್ಲಾಸ್ಕು ಕೆಳಗಿಟ್ಟು ನನ್ನ ಎದೆಗೆ ಕೈಹಾಕಿ ತಳ್ಳಿದ. ನಾನು ಅಂಗಳಕ್ಕೆ ಬೆನ್ನು ಕೊಟ್ಟು ಬಿದ್ದೆ. ಏಳುವಾಗ ನೋಡಿದರೆ ಅವ್ವ ಪಕ್ಕದಲ್ಲಿರಲಿಲ್ಲ.

ಅವಳು ಶೆಡ್ಡಿನ ಹಿಂದಿನಿಂದ ಬಂದಳು. ಎರಡೂ ಕೈಗೆ ಸೆರಗು ಸುತ್ತಿಕೊಂಡು, ಬಾಯ್ಲರಿನ ಒಲೆಯಿಂದ ಕೆಂಡ ಎಳೆಯುವ ಕಬ್ಬಿಣದ ಬಾಣಲೆಯನ್ನು ಹಿಡಿದಿದ್ದಳು. ತಳದಲ್ಲಿ ನಿಗಿನಿಗಿ ಕೆಂಡ, ಮೇಲೆ ಗುಡ್ಡೆಯಿಂದ ಬಾಚಿ ತುಂಬಿದ ಇದ್ದಿಲು. ಆಗಲೇ ಹೊಗೆ ಏಳುತ್ತಿತ್ತು. ಹಿಂದೆ ದೇವರಾಜ, ಬಾಯ್ಲರಿನ ಹುಡುಗರು, ನೂಲು ಹಿಂಡುವ ಹೆಂಗಸರು ಕೆಲಸ ಬಿಟ್ಟು ಬಂದು ನಿಂತಿದ್ದರು. ಅವ್ವ ಚಪ್ಪಲಿ ಕಾಲಿನಲ್ಲೇ ಹೊಸ್ತಿಲು ದಾಟಿ, ಶರತ್ಚಂದ್ರನ ಮೇಜಿನ ಮುಂದೆ ಬಾಣಲೆ ಇಟ್ಟು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

“ಏನೂ ಇಲ್ಲ ಅಂದ್ರಲ್ಲ ಇದ್ರಾಗೆ. ಕೂತ್ಕಳಿ. ನಾನೂ ಕೂತ್ಕತೀನಿ,” ಎಂದಳು. ಆಮೇಲೆ ನನ್ನ ಕಡೆ ತಿರುಗದೆಯೇ, “ಕುಮಾರ, ಬಾಗ್ಲು ಹಾಕ್ಲಾ,” ಎಂದಳು.

ನಾನು ಬಾಗಿಲು ಎಳೆದು ಹೊರಗಿನಿಂದ ಚಿಲಕ ಹಾಕಿದೆ. ದೇವರಾಜ ಬಂದು ಬಾಗಿಲಿಗೆ ಬೆನ್ನು ಕೊಟ್ಟ. ಅದನ್ನು ಮಾಡುವಾಗ ನನಗೆ ಹೆದರಿಕೆಯಾಗಲಿಲ್ಲ. ಹೆದರಿಕೆ ಆಮೇಲೆ ಬಂತು.

ಒಳಗೆ ಮೊದಲು ಮಂಜುನಾಥನ ಬೈಗುಳ ಕೇಳಿಸಿತು, ಮೇಜು ಸರಿದ ಸದ್ದು, ಬಾಣಲೆಗೆ ಯಾರದೋ ಕಾಲು ತಗುಲಿದ ಸದ್ದು, ಅಯ್ಯೋ ಎಂಬ ಕೂಗು. ಆಮೇಲೆ ಕೆಮ್ಮು. ಗಾಜಿನ ಹಿಂದೆ ಕೋಣೆ ಬೆಳ್ಳಗಾಗುತ್ತಾ ಬಂತು. ಸಾಹೇಬರು ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಬಾಗಿಲಿಗೆ ಗುದ್ದತೊಡಗಿದರು. ಹಾನಿಕರ ಅಲ್ಲದ್ದಕ್ಕೆ ಕರವಸ್ತ್ರ ಯಾಕೆ ಬೇಕಿತ್ತೋ.

“ಹೆಸ್ರು ಹೇಳಿ, ತೆಗೀತಾನೆ,” ಎಂದು ಅವ್ವನ ದನಿ ನೆಲದ ಹತ್ತಿರದಿಂದ ಬಂತು.

ನನ್ನ ಫೋನು ಹೊಡೆದುಕೊಂಡಿತು. ಮೇಘಶ್ರೀ. “ಅಣ್ಣ, ಸಿಕ್ತಾ? ಮತ್ತೆ ನೀಲಿಯಾಗ್ತಿದಾಳೆ. ಡಾಕ್ಟ್ರು ಇಲ್ಲೇ ನಿಂತಿದಾರೆ, ಹೆಸ್ರು ಹೇಳಣ್ಣ.”

“ತಡಿಯಮ್ಮ, ಹೇಳ್ತಾರೆ ಈಗ,” ಎಂದು ಫೋನನ್ನು ಬಾಗಿಲಿನ ಸಂದಿಗೆ ಹಿಡಿದೆ.

“ಏನಾದ್ರೂ ಒಂದು ಹೆಸರು ಹೇಳ್ಬಿಡ್ರೀ ಶರತ್ಚಂದ್ರ!” ಎಂದು ಸಾಹೇಬರು ಒಳಗಿನಿಂದ ಅರಚಿದರು. “ಯಾವುದಾದ್ರೂ ಹೇಳ್ರೀ, ಬಾಗಿಲು ತೆಗೀತಾರೆ!”

“ನಂಗೆ ಗೊತ್ತಿಲ್ಲ!” ಶರತ್ಚಂದ್ರನ ದನಿ ಒಡೆದುಹೋಗಿತ್ತು. “ನನ್ ಮಕ್ಕಳಾಣೆಗೂ ಗೊತ್ತಿಲ್ಲ ಕಣಮ್ಮ! ಬರುವಾಗ್ಲೇ ಚೀಟಿ ಕಿತ್ತಿರ್ತಾರೆ. ಚೀಟಿ ಇಲ್ಲದ್ದು ಅಗ್ಗ, ಅದಕ್ಕೇ ತಗೋತೀವಿ. ಕೆಂಪು ಅಂದ್ರೆ ಕೆಂಪು, ನೀಲಿ ಅಂದ್ರೆ ನೀಲಿ. ಒಳಗೇನೈತೆ ಅಂತ ನಂಗೂ ಗೊತ್ತಿಲ್ಲ, ತಂದ್ಕೊಡೋನ್ಗೂ ಗೊತ್ತಿಲ್ಲ! ತೆಗೀಯಮ್ಮ, ತೆಗೀ!”

“ಸುಳ್ಳು,” ಎಂದಳು ಅವ್ವ. ಕೆಮ್ಮಿದಳು. ಬಹಳ ಹೊತ್ತು ಕೆಮ್ಮಿದಳು. “ತೆಗೀಬ್ಯಾಡ ಕಣ್ಲಾ ಕುಮಾರ. ಹೇಳ್ತಾನೆ.”

ಅವನು ಸುಳ್ಳು ಹೇಳುತ್ತಿರಲಿಲ್ಲ. ಇಷ್ಟು ವರ್ಷ ಅವನ ಸುಳ್ಳುಗಳನ್ನು ಕೇಳಿದವನು ನಾನು, ಅವು ಯಾವಾಗಲೂ ಮೆತ್ತಗಿರುತ್ತವೆ. ದೇವರಾಜ ನನ್ನ ಮುಖ ನೋಡಿದ. ಅವನಿಗೂ ಗೊತ್ತಾಗಿತ್ತು. ಹೆಂಗಸರಲ್ಲಿ ಯಾರೋ ಅಳಲು ಶುರುಮಾಡಿದರು.

“ಅಣ್ಣ, ಏನಂದ್ರು? ಕೇಳಿಸ್ಲಿಲ್ಲ. ಹೆಸ್ರು ಹೇಳಣ್ಣ,” ಎಂದು ಫೋನಿನಲ್ಲಿ ಮೇಘಶ್ರೀ ಕೂಗುತ್ತಲೇ ಇದ್ದಳು.

ಅವಳಿಗೆ ಹೇಳಲು ನನ್ನ ಹತ್ತಿರ ಯಾವ ಹೆಸರೂ ಇರಲಿಲ್ಲ. ಒಳಗೆ ಅವ್ವ ಮತ್ತೆ ಕೆಮ್ಮಿದಳು. ಚಿಲಕದ ಮೇಲಿದ್ದ ಕೈಯನ್ನು ನಾನು ತೆಗೆಯಲಿಲ್ಲ, ಚಿಲಕವನ್ನೂ ತೆಗೆಯಲಿಲ್ಲ.